ನ್ಯಾನೋಗ್ರಾಂ ಲೆಕ್ಕಕ್ಕೆ ನಶೆ ಸಿಗುವುದಿಲ್ಲ

ಓದುಗರ ಪತ್ರ: "ಗಾಂಜಾ ಸೇದಿ ಗಾಡಿ ಓಡಿಸುವವರ ಬಗ್ಗೆ ನಿಮ್ಮ ಪತ್ರಿಕೆ ತುಂಬಾ ಮೆತ್ತಗೆ ಬರೆಯುತ್ತಿದೆ. ಮದ್ಯಕ್ಕೆ ಒಂದು ಮಿತಿ ಇದೆ. ಊದಿಸುತ್ತಾರೆ, ಅಂಕಿ ಬರುತ್ತದೆ, ಮುಗಿಯಿತು. ಗಾಂಜಾಕ್ಕೂ ರಕ್ತದಲ್ಲಿ ಇಷ್ಟು ಅಂತ ಒಂದು ಮಿತಿ ಇಡಲಿ. ದಾಟಿದವರ ಲೈಸೆನ್ಸ್ ಕಿತ್ತುಕೊಳ್ಳಲಿ. ಇಷ್ಟು ಸರಳ ವಿಷಯಕ್ಕೆ ಯಾಕೆ ಇಷ್ಟೊಂದು ಚರ್ಚೆ?" (ಒಬ್ಬ ನಿವೃತ್ತ ಗಣಿತ ಮೇಷ್ಟ್ರು)

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಸಿಟ್ಟು ನ್ಯಾಯವಾದದ್ದೇ. ನಶೆಯಲ್ಲಿ ಸ್ಟೀರಿಂಗ್ ಹಿಡಿದವನ ಪರವಾಗಿ ನಾನು ಒಂದು ಮಾತೂ ಆಡುವುದಿಲ್ಲ. ಗಾಂಜಾ ಸೇದಿದವರ ಗಮನ ಚದುರುತ್ತದೆ, ಬ್ರೇಕ್ ಮೇಲೆ ಕಾಲು ಹೋಗುವುದು ತಡವಾಗುತ್ತದೆ, ಗಾಡಿ ಅತ್ತಿತ್ತ ವಾಲುತ್ತದೆ. ಪ್ರಯೋಗಗಳಲ್ಲಿ ಇದು ಮತ್ತೆ ಮತ್ತೆ ಕಂಡಿದೆ. ಒಂದು ಮಿತಿ ಇದ್ದರೆ ಪೊಲೀಸರಿಗೂ ಕೋರ್ಟಿಗೂ ಕೆಲಸ ಸುಲಭ, ಜನರಿಗೆ ಹೆದರಿಕೆಯೂ ಇರುತ್ತದೆ. ಅಷ್ಟನ್ನು ಒಪ್ಪುತ್ತೇನೆ. ಆದರೆ ನೀವು ಕೇಳುವ ಅಂಕಿ ನಶೆಯನ್ನು ಅಳೆಯುವುದೇ ಇಲ್ಲ. ಬದುಕಿಡೀ ಗಣಿತ ಹೇಳಿಕೊಟ್ಟ ನೀವು ಇದನ್ನು ಸರಳ ಅನ್ನಬಾರದಿತ್ತು.

ಮದ್ಯದ ಮಿತಿ ಸುಮ್ನೆ ಹುಟ್ಟಿದ್ದಲ್ಲ. ಅಮೆರಿಕದ ಇಂಡಿಯಾನಾ ರಾಜ್ಯದ ಪೊಲೀಸ್ ಪ್ರಯೋಗಾಲಯದಲ್ಲಿದ್ದ ರಾಬರ್ಟ್ ಬೋರ್ಕೆನ್‌ಸ್ಟೈನ್ 1954ರಲ್ಲಿ ಉಸಿರು ಅಳೆಯುವ ಯಂತ್ರ ಮಾಡಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಗ್ರ್ಯಾಂಡ್ ರ್‍ಯಾಪಿಡ್ಸ್ ಊರಿನಲ್ಲಿ ಅಪಘಾತವಾದ ಸಾವಿರಾರು ಚಾಲಕರನ್ನೂ ಅಪಘಾತವಿಲ್ಲದೆ ಹೋಗುತ್ತಿದ್ದ ಸಾವಿರಾರು ಚಾಲಕರನ್ನೂ ಪರೀಕ್ಷಿಸಿ ಹೋಲಿಸಿದರು. 1964ರಲ್ಲಿ ಬಂದ ಆ ಅಧ್ಯಯನ, ರಕ್ತದಲ್ಲಿ ಮದ್ಯ ಏರಿದ ಹಾಗೆ ಅಪಾಯವೂ ಏರುವುದನ್ನು ತೋರಿಸಿತು. ಬ್ರಿಟನ್ 1967ರಲ್ಲಿ 100 ಮಿಲಿಲೀಟರ್ ರಕ್ತಕ್ಕೆ 80 ಮಿಲಿಗ್ರಾಂ ಮಿತಿ ತಂದಾಗ ಬೆನ್ನಿಗೆ ಈ ಲೆಕ್ಕ ಇತ್ತು. ಮದ್ಯ ನೀರಿನಲ್ಲಿ ಬೆರೆಯುತ್ತದೆ, ಮೈಯೆಲ್ಲ ಹರಡುತ್ತದೆ, ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಇಳಿಯುತ್ತದೆ. ಉಸಿರಿನ ಅಂಕಿ ನೋಡಿದರೆ ಮಿದುಳಿನ ಸ್ಥಿತಿ ಅಂದಾಜಾಗುತ್ತದೆ.

ಗಾಂಜಾದಲ್ಲಿ ನಶೆ ಏರಿಸುವ ಟಿಎಚ್‌ಸಿ ಹಾಗಲ್ಲ. ಅದು ಕೊಬ್ಬಿನಲ್ಲಿ ಕರಗುವ ವಸ್ತು. ಸೇದಿದ ಕೆಲವೇ ನಿಮಿಷಗಳಲ್ಲಿ ರಕ್ತದಲ್ಲಿ ಏರಿ, ಅಷ್ಟೇ ಬೇಗ ಇಳಿದು, ಮೈಯ ಕೊಬ್ಬಿನೊಳಗೆ ಹೋಗಿ ಕೂರುತ್ತದೆ. ರಕ್ತದ ಅಂಕಿ ಇಳಿದ ಮೇಲೂ ನಶೆ ಗಂಟೆಗಟ್ಟಲೆ ಇರುತ್ತದೆ. ದಿನವೂ ಸೇದುವವರಲ್ಲಿ ಇದರ ಉಲ್ಟಾ. ಕೊಬ್ಬಿನಿಂದ ಸ್ವಲ್ಪ ಸ್ವಲ್ಪವೇ ಜಿನುಗುತ್ತಾ, ಬಿಟ್ಟು ದಿನಗಳಾದ ಮೇಲೂ ಕೆಲವರ ರಕ್ತದಲ್ಲಿ ಟಿಎಚ್‌ಸಿ ಸಿಗುತ್ತದೆ. ತಿಂದರೆ ಇನ್ನೊಂದು ಕತೆ. ನಶೆ ನಿಧಾನ, ಜಾಸ್ತಿ ಹೊತ್ತು, ಆದರೆ ರಕ್ತದಲ್ಲಿ ಕಾಣುವ ಅಂಕಿ ಚಿಕ್ಕದು.

ಇದರಿಂದ ಏನಾಗುತ್ತದೆ ನೋಡಿ. ಅಪರೂಪಕ್ಕೆ ಸೇದಿದ ಹುಡುಗನೊಬ್ಬ ಅಮಲಿನಲ್ಲೇ ಗಾಡಿ ಓಡಿಸಿ ಸಿಕ್ಕಿಬೀಳುತ್ತಾನೆ. ಆಸ್ಪತ್ರೆಗೆ ಕರೆದೊಯ್ದು ರಕ್ತ ತೆಗೆಯುವ ಹೊತ್ತಿಗೆ ಅವನ ಅಂಕಿ ಮಿತಿಗಿಂತ ಕೆಳಗೆ ಬಂದಿರುತ್ತದೆ. ಅವನು ಪಾರು. ನೋವಿಗೆ ವೈದ್ಯರು ಬರೆದುಕೊಟ್ಟ ಗಾಂಜಾ ಔಷಧಿಯನ್ನು ಹಿಂದಿನ ರಾತ್ರಿ ತಗೊಂಡು, ಚೆನ್ನಾಗಿ ನಿದ್ದೆ ಮಾಡಿ, ಬೆಳಿಗ್ಗೆ ಹುಷಾರಾಗಿ ಹೊರಟ ಹೆಂಗಸು ಅಪರಾಧಿ. ಇಂಥ ಕಾನೂನು ನಿಮಗೆ ಬೇಕಾ, ಮೇಷ್ಟ್ರೇ?

ಇದು ನನ್ನೊಬ್ಬನ ಹಟ ಅಂದುಕೊಳ್ಳಬೇಡಿ. ಅಮೆರಿಕದ ವಾಹನ ಚಾಲಕರ ಸಂಘ ಎಎಎ. ಅದರ ರಸ್ತೆ ಸುರಕ್ಷತಾ ಪ್ರತಿಷ್ಠಾನ 2016ರಲ್ಲೇ, ಟಿಎಚ್‌ಸಿಗೆ ಹೀಗೊಂದು ಮಿತಿ ಇಡಲು ವಿಜ್ಞಾನದ ಆಧಾರವಿಲ್ಲ ಎಂದಿತು. ಚಾಲಕರ ಸುರಕ್ಷತೆಗೇ ಇರುವ ಸಂಸ್ಥೆ ಅದು, ಗಾಂಜಾ ಪ್ರಿಯರ ಕೂಟವಲ್ಲ. 2022ರಲ್ಲಿ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 191 ಜನರಿಗೆ ಸೇದಲು ಕೊಟ್ಟು, ಸಿಮ್ಯುಲೇಟರಿನಲ್ಲಿ ಓಡಿಸಿ ನೋಡಿದ ಅಧ್ಯಯನ ಪ್ರಕಟವಾಯಿತು. ಟಿಎಚ್‌ಸಿ ಸೇದಿದವರ ಚಾಲನೆ ಕೆಟ್ಟಿತ್ತು, ಸರಿ. ಆದರೆ ಯಾರ ರಕ್ತದಲ್ಲಿ ಎಷ್ಟಿತ್ತು ಎಂಬುದಕ್ಕೂ ಯಾರು ಎಷ್ಟು ಕೆಟ್ಟದಾಗಿ ಓಡಿಸಿದರು ಎಂಬುದಕ್ಕೂ ತಾಳೆಯಾಗಲಿಲ್ಲ.

ಮಿತಿ ಇಟ್ಟ ಕಡೆಯಾದರೂ ಒಂದೇ ಅಂಕಿ ಇದೆಯಾ? ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಮಿಲಿಲೀಟರ್ ರಕ್ತಕ್ಕೆ 5 ನ್ಯಾನೋಗ್ರಾಂ (ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು ಒಂದು ನ್ಯಾನೋಗ್ರಾಂ) ದಾಟಿದರೆ ಅಪರಾಧ. ಕೊಲೊರಾಡೋದಲ್ಲೂ ಅದೇ 5, ಆದರೆ ಅಲ್ಲಿ ಅದು ನಶೆಯಿತ್ತೆಂದು ಊಹಿಸಲು ಕೋರ್ಟಿಗೆ ಒಂದು ಆಧಾರ ಮಾತ್ರ. ಆರೋಪಿ ವಾದ ಮಾಡಿ ಗೆಲ್ಲಬಹುದು. ಬ್ರಿಟನ್‌ನಲ್ಲಿ 2. ಕೆನಡಾದಲ್ಲಿ 2ಕ್ಕೆ ಒಂದು ಶಿಕ್ಷೆ, 5ಕ್ಕೆ ಇನ್ನೂ ದೊಡ್ಡದು. ಜರ್ಮನಿ 2024ರ ಆಗಸ್ಟಿನಲ್ಲಿ 1ರಿಂದ 3.5ಕ್ಕೆ ಏರಿಸಿತು. ಅದೂ ಪೂರ್ತಿ ರಕ್ತದಲ್ಲಲ್ಲ, ರಕ್ತಕಣ ತೆಗೆದ ಮೇಲೆ ಉಳಿಯುವ ತಿಳಿ ದ್ರವವಾದ ಸೀರಮ್‌ನಲ್ಲಿ ಅಳೆದದ್ದು. ಸೀರಮ್‌ನಲ್ಲಿ ಟಿಎಚ್‌ಸಿ ಸುಮಾರು ಎರಡರಷ್ಟು ಕಾಣುತ್ತದೆ. ಹಾಗಾಗಿ ಜರ್ಮನಿಯ 3.5, ನಿಜಕ್ಕೂ ಬ್ರಿಟನ್ನಿನ 2ರ ಆಸುಪಾಸಿಗೇ ಬರುತ್ತದೆ. ಒಂದೇ ಮನುಷ್ಯ, ಒಂದೇ ರಕ್ತ, ಗಡಿ ದಾಟಿದರೆ ಕಳ್ಳ.

ಅಮೆರಿಕದ ಆರಿಜೋನಾ ರಾಜ್ಯದಲ್ಲಿ ಇನ್ನೂ ವಿಚಿತ್ರ ನಡೆದಿತ್ತು. ಟಿಎಚ್‌ಸಿ ಒಡೆದ ಮೇಲೆ ಮೈಯಲ್ಲಿ ಉಳಿಯುವ, ನಶೆಯೇ ಏರಿಸದ ವಸ್ತು ಸಿಕ್ಕರೂ ಸಾಕು, ಕೇಸು ಹಾಕುತ್ತಿದ್ದರು. ಅದು ವಾರಗಟ್ಟಲೆ ಉಳಿಯುತ್ತದೆ. ಅಲ್ಲಿನ ಸುಪ್ರೀಂ ಕೋರ್ಟ್ 2014ರಲ್ಲಿ ಇದು ಸಲ್ಲದು ಎಂದಿತು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2004ರಲ್ಲೇ ರಸ್ತೆಯಲ್ಲಿ ಎಂಜಲು ಪರೀಕ್ಷೆ ಶುರು ಮಾಡಿತು. ಅಲ್ಲಿ ಎಷ್ಟಿದೆ ಎಂಬ ಪ್ರಶ್ನೆಯೂ ಇಲ್ಲ, ಇದೆ ಅಂದರೆ ತಪ್ಪು. 2016ರಿಂದ ಅದೇ ದೇಶದಲ್ಲಿ ಗಾಂಜಾ ಔಷಧಿಯೂ ಕಾನೂನುಬದ್ಧ. ಆ ದೇಶದಲ್ಲಿರುವ ನನ್ನ ಪರಿಚಯದವರೊಬ್ಬರು ಬೆನ್ನುನೋವಿಗೆ ಅದನ್ನು ರಾತ್ರಿ ತಗೊಳ್ಳುತ್ತಾರೆ, ಹಗಲಲ್ಲಿ ಕಾರು ಹತ್ತಲು ಹೆದರುತ್ತಾರೆ. ವೈದ್ಯರ ಚೀಟಿ ತೋರಿಸಿದರೆ ಬಿಡುವ ರಾಜ್ಯ ಟಾಸ್ಮೇನಿಯಾ. ಬ್ರಿಟನ್ ಈ ವಿಷಯದಲ್ಲಿ ಮೇಲು. ಅಲ್ಲಿ ವೈದ್ಯರು ಹೇಳಿದ ಹಾಗೆ ತಗೊಂಡಿದ್ದು, ಚಾಲನೆ ಕೆಟ್ಟಿಲ್ಲದಿದ್ದರೆ ರೋಗಿಗೆ ರಕ್ಷಣೆ ಇದೆ.

ಹಾಗಾದರೆ ಏನು ಮಾಡಬೇಕು ಅಂತ ಕೇಳುತ್ತೀರಿ. ಮನುಷ್ಯನನ್ನು ನೋಡಬೇಕು. ಗಾಡಿ ಹೇಗೆ ಓಡುತ್ತಿತ್ತು, ಅವನ ಮಾತು, ಕಣ್ಣು, ನಡಿಗೆ, ಗಮನ ಹೇಗಿತ್ತು, ಅದು ಕ್ಯಾಮೆರಾದಲ್ಲಿ ದಾಖಲಾಗಬೇಕು. ರಕ್ತಪರೀಕ್ಷೆ ಅದಕ್ಕೆ ಪೂರಕವಾಗಿರಲಿ, ತೀರ್ಪಾಗುವುದು ಬೇಡ. ಮಿಷಿಗನ್ ರಾಜ್ಯ ನೇಮಿಸಿದ ಆಯೋಗ 2019ರಲ್ಲಿ ಮಿತಿ ಬೇಡ, ಕಣ್ಣಿಗೆ ಕಾಣುವ ಲಕ್ಷಣಗಳನ್ನೇ ಪರೀಕ್ಷಿಸಿ ಎಂದಿತು. ಪೊಲೀಸರ ಕಣ್ಣೂ ತಪ್ಪುತ್ತದೆ ನಿಜ. 2023ರ ಒಂದು ಅಧ್ಯಯನದಲ್ಲಿ, ನಶೆಯೇ ಇಲ್ಲದ ಹುಸಿ ಸಿಗರೇಟು ಸೇದಿದವರಲ್ಲಿ ಸುಮಾರು ಅರ್ಧದಷ್ಟು ಜನರನ್ನು ಪೊಲೀಸರು ರಸ್ತೆಬದಿಯ ಪರೀಕ್ಷೆಯಲ್ಲಿ ಫೇಲ್ ಮಾಡಿದರು. ಆ ಪರೀಕ್ಷೆ ಮೊದಲು ಕುಡುಕರಿಗಾಗಿ ಮಾಡಿದ್ದು. ಗಾಂಜಾಕ್ಕೆ ತಕ್ಕ ಹೊಸ ಪರೀಕ್ಷೆ ಬೇಕು, ಅದಕ್ಕೆ ದುಡ್ಡು ಬೇಕು, ತರಬೇತಿ ಬೇಕು, ತಾಳ್ಮೆ ಬೇಕು. ಸರ್ಕಾರಗಳಿಗೆ ಇಷ್ಟವಾಗದ್ದು ಅದೇ. ಅಂಕಿ ಅಗ್ಗ.

ನನ್ನ ಸಂಕಟ ಇರುವುದು ಇಲ್ಲೇ. ಯಂತ್ರ ಹೇಳಿದ್ದನ್ನು ನಂಬುತ್ತೇವೆ, ಯಂತ್ರ ಹೇಳದ್ದು ಇಲ್ಲವೇ ಇಲ್ಲ ಅಂದುಕೊಳ್ಳುತ್ತೇವೆ. ಒಮ್ಮೆ ರಾತ್ರಿ ಪ್ರಯಾಣದಲ್ಲಿ ನಮ್ಮ ಕಾರು ಓಡಿಸುತ್ತಿದ್ದವನು ಬದುಕಿನಲ್ಲಿ ಒಂದು ಹನಿ ಮದ್ಯ ಮುಟ್ಟಿದವನಲ್ಲ. ಆದರೆ ಹಿಂದಿನ ರಾತ್ರಿಯೂ ಮಲಗಿರಲಿಲ್ಲ, ರೆಪ್ಪೆ ಮುಚ್ಚಿಹೋಗುತ್ತಿತ್ತು. ಊದಿಸಿದ್ದರೆ ಸೊನ್ನೆ ಬರುತ್ತಿತ್ತು. 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ 0.05 ಶೇಕಡಾ ಮದ್ಯವಿದ್ದವರ ಮಟ್ಟಕ್ಕೆ ಇಳಿಯುತ್ತದೆ ಎಂದು 1997ರಲ್ಲೇ ವಿಜ್ಞಾನಿಗಳು ತೋರಿಸಿದ್ದಾರೆ. 2000ದಲ್ಲಿ ಅಮೆರಿಕದ ಅಯೋವಾದಿಂದ ಇನ್ನೊಂದು ಪ್ರಯೋಗದ ವರದಿ ಬಂತು. ಅಲರ್ಜಿಗೆ ಕೊಡುವ ಡೈಫೆನ್‌ಹೈಡ್ರಮೀನ್ ನುಂಗಿದವರು, 0.1 ಶೇಕಡಾ ಮದ್ಯವಿದ್ದವರಿಗಿಂತ ಕೆಟ್ಟದಾಗಿ ಓಡಿಸಿದರು. ನಿದ್ದೆಗೆಟ್ಟವನಿಗೆ ಯಾರು ಯಾವ ಮಿತಿ ಇಟ್ಟಿದ್ದಾರೆ? ಮೊಬೈಲ್ ನೋಡುತ್ತಾ ಓಡಿಸುವವನ ರಕ್ತದಲ್ಲಿ ಏನು ಹುಡುಕುತ್ತೀರಿ? ಶಾಲೆಯಲ್ಲೂ ಇದೇ ರೋಗ. ಮಗುವಿಗೆ ಏನು ಅರ್ಥವಾಯಿತು ಎಂದು ಕೇಳುವವರಿಲ್ಲ, ಎಷ್ಟು ಬಂತು ಎಂದು ಕೇಳುವವರೇ ಎಲ್ಲ. ನೀವು ಒಳ್ಳೆಯ ಮೇಷ್ಟ್ರು ಅನ್ನುವುದು ನಿಮ್ಮ ಪತ್ರದ ಅಕ್ಷರದಲ್ಲೇ ಗೊತ್ತಾಗುತ್ತದೆ. ಉತ್ತರ ಸರಿ ಬಂದರೂ ಲೆಕ್ಕ ತಪ್ಪಾಗಿದ್ದರೆ ನೀವು ಮಾರ್ಕ್ಸ್ ಕೊಡುತ್ತಿರಲಿಲ್ಲ, ಅಲ್ವಾ?

ಪತ್ರದ ಹಿಂಬದಿಯಲ್ಲಿ, ಹೊರದೇಶದಲ್ಲಿರುವ ಮೊಮ್ಮಗನಿಗೆ ಏನು ಹೇಳಲಿ ಎಂದೂ ಕೇಳಿದ್ದೀರಿ. ಹೀಗೆ ಹೇಳಿ. ಸೇದಿದ ಮೇಲೆ ಕಡೇಪಕ್ಷ 6 ಗಂಟೆ ಗಾಡಿ ಮುಟ್ಟಬಾರದು ಎನ್ನುತ್ತದೆ ಕೆನಡಾದ ತಜ್ಞರು 2017ರಲ್ಲಿ ಕೊಟ್ಟ ಮಾರ್ಗಸೂಚಿ. ತಿಂದಿದ್ದರೆ ಇನ್ನೂ ಜಾಸ್ತಿ ಕಾಯಬೇಕು. ಜೊತೆಗೆ ಕುಡಿದಿದ್ದರೆ ಆ ರಾತ್ರಿ ಕೀಲಿ ಬೇರೆಯವರ ಕೈಯಲ್ಲಿರಲಿ, ಯಾಕೆಂದರೆ ಎರಡೂ ಸೇರಿದಾಗ ಒಂದೊಂದರಲ್ಲಿ ಸ್ವಲ್ಪವೇ ಇದ್ದರೂ ಗಾಡಿ ಜೋರಾಗಿ ವಾಲುತ್ತದೆ. ಕೆನಡಾದ ಕಾನೂನು ಇದಕ್ಕೆಂದೇ ಬೇರೆ ಅಪರಾಧ ಮಾಡಿದೆ. "ನಾನು ಸರಿಯಾಗೇ ಇದ್ದೇನೆ" ಅಂತ ಅವನು ಹೇಳಿದರೆ ನಂಬಬೇಡಿ. ಸ್ಯಾನ್ ಡಿಯಾಗೋದ ಪ್ರಯೋಗದಲ್ಲೂ, ಒಂದೂವರೆ ಗಂಟೆ ಕಳೆದ ಮೇಲೆ ಓಡಿಸಬಲ್ಲೆ ಅನ್ನುವ ಧೈರ್ಯ ಹಲವರಿಗೆ ಬಂದಿತ್ತು, ಚಾಲನೆ ಮಾತ್ರ ಇನ್ನೂ ಸುಧಾರಿಸಿರಲಿಲ್ಲ.