ಡೆಕ್ ಮೇಲೆ ರಕೂನ್ ಕಕ್ಕ, ಬ್ಲೀಚ್ ಹಾಕಿದ್ರೆ ಸಾಕಾ?

ಪ್ರಶ್ನೆ: ನಾವಿರೋದು ನ್ಯೂಜೆರ್ಸಿಲಿ. ಮೈಸೂರಿಂದ ಬಂದಿರೋ ನಮ್ಮತ್ತೆ ರಾತ್ರಿ ಮಿಕ್ಕಿದ ಅನ್ನ ಚಪಾತಿನ ಬೆಕ್ಕಿಗೆ ಅಂತ ಮನೆ ಹಿಂದಿನ ಡೆಕ್ (ಮರದ ಜಗಲಿ) ಮೇಲೆ ಇಡ್ತಾರೆ, ತಿಂದು ಹೋಗ್ತಿರೋದು ನೋಡಿದ್ರೆ ರಕೂನು, ಕಣ್ಣ ಸುತ್ತ ಕಪ್ಪು ಪಟ್ಟಿ ಇರೋ ಇಲ್ಲಿನ ಕಾಡುಪ್ರಾಣಿ. ಈಗ ಡೆಕ್ ಮೂಲೇಲಿ ಒಂದೇ ಜಾಗದಲ್ಲಿ ದಿನಾ ಕಕ್ಕ ಮಾಡಿ ಹೋಗುತ್ತೆ. ಬ್ಲೀಚ್ ಹಾಕಿ ತೊಳೆದ್ರೆ ಸಾಕಾ? ಒಂದೂವರೆ ವರ್ಷದ ಮಗ ಸಿಕ್ಕಿದ್ದೆಲ್ಲ ಬಾಯಿಗೆ ಹಾಕ್ಕೋತಾನೆ. ಪಕ್ಕದ ಮನೆಯವ್ರು ಬೇರೆ ರೇಬಿಸ್ ಅಂತ ಹೆದರಿಸಿದಾರೆ.

ಉತ್ತರ: ಸಾಕಾಗಲ್ಲ. ರೇಬಿಸ್ ಭಯ ಸುಳ್ಳಲ್ಲ, ಆದ್ರೆ ನಿಮ್ಮನೇಲಿ ಮೊದ್ಲು ಯೋಚನೆ ಮಾಡಬೇಕಾದ್ದು ಆ ಕಕ್ಕದ ಬಗ್ಗೆ. ರಕೂನ್ ಕರುಳಲ್ಲಿ ಬೇಲಿಸಾಸ್ಕರಿಸ್ ಅನ್ನೋ ಜಂತುಹುಳ ಇರುತ್ತೆ, ಒಂದು ಹೆಣ್ಣು ಹುಳ ದಿನಕ್ಕೆ ಲಕ್ಷಕ್ಕೂ ಹೆಚ್ಚು ಮೊಟ್ಟೆ ಇಡುತ್ತೆ, ರಕೂನಿಗೆ ಅದ್ರಿಂದ ಏನೂ ಆಗಲ್ಲ, ಆರಾಮಾಗಿ ಓಡಾಡ್ಕೊಂಡಿರುತ್ತೆ, ಆದ್ರೆ ಮೊಟ್ಟೆ ಮನುಷ್ಯನ ಹೊಟ್ಟೆಗೆ ಹೋದ್ರೆ ಮರಿಹುಳ ಕರುಳು ದಾಟಿ ಮೆದುಳಿಗೋ ಕಣ್ಣಿಗೋ ಹೋಗಿಬಿಡಬಹುದು. ಹೀಗಾಗೋದು ತುಂಬಾ ಅಪರೂಪ, ಆದ್ರೆ ಆದಾಗ ಹೆಚ್ಚಾಗಿ ಮಣ್ಣು ಬಾಯಿಗೆ ಹಾಕೋ ಚಿಕ್ಕ ಮಕ್ಕಳಿಗೇ.

ಸಮಾಧಾನದ ವಿಷಯ ಅಂದ್ರೆ ಹೊಸ ಕಕ್ಕದಲ್ಲಿರೋ ಮೊಟ್ಟೆ ತಕ್ಷಣ ಅಪಾಯ ಅಲ್ಲ, ಅದು ಬಲಿಯೋಕೆ 2ರಿಂದ 4 ವಾರ ಬೇಕು. ಬಲಿತ ಮೇಲೆ ಮಾತ್ರ ಮಣ್ಣಲ್ಲಿ ವರ್ಷಗಟ್ಟಲೆ ಬದುಕಿರುತ್ತೆ, ಬ್ಲೀಚಿಗೆ ಸಾಯಲ್ಲ. ಸಾಯೋದು ಬಿಸಿಗೆ. ಗ್ಲೌಸ್, ಮಾಸ್ಕ್, ಬೂಟು ಹಾಕ್ಕೊಂಡು, ಧೂಳು ಏಳದ ಹಾಗೆ ಸ್ವಲ್ಪ ನೀರು ಚಿಮುಕಿಸಿ, ಸಲಿಕೇಲಿ ಬಳಿದು ಎರಡು ಕವರಲ್ಲಿ ಕಟ್ಟಿ ಕಸಕ್ಕೆ ಹಾಕಿ, ಆಮೇಲೆ ಆ ಜಾಗಕ್ಕೂ ಸಲಿಕೆಗೂ ಕುದಿಯೋ ನೀರು, ಗೀಸರ್ ನೀರಲ್ಲ, ಒಲೆ ಮೇಲೆ ಕೊತಕೊತ ಕುದಿಸಿದ್ದು. ಮಗನ್ನ ಒಳಗೇ ಇಟ್ಕೊಳ್ಳಿ. ಅವನು ಅದನ್ನ ಬಾಯಿಗೆ ಹಾಕಿರಬಹುದು ಅನ್ನೋ ಅನುಮಾನ ಇದ್ರೂ ಅವತ್ತೇ ಡಾಕ್ಟರ್ ಹತ್ರ ಹೋಗಿ, ರಕೂನ್ ವಿಷಯ ನೀವಾಗೇ ಹೇಳಿ, ಕೇಳೋವರೆಗೂ ಕಾಯ್ಬೇಡಿ. ಔಷಧಿ ನಮ್ಮೂರ ಶಾಲೆಗಳಲ್ಲಿ ಜಂತುಹುಳಕ್ಕೆ ಕೊಡೋ ಅದೇ ಆಲ್ಬೆಂಡಜೋಲ್, ಆದ್ರೆ ಬಾಯಿಗೆ ಹೋದ 3 ದಿನದೊಳಗೆ ಶುರುವಾದ್ರೆ ಒಳ್ಳೇದು, ಡೋಸೇ ಬೇರೆ, ಅತ್ತೆ ಊರಿಂದ ತಂದಿರೋ ಮಾತ್ರೆ ನೀವೇ ಕೊಡೋಕೆ ಹೋಗ್ಬೇಡಿ.

ಇನ್ನು ರೇಬಿಸ್. ಅದನ್ನ ಹರಡೋದ್ರಲ್ಲಿ ನಮ್ಮಲ್ಲಿ ನಾಯಿ ಹೇಗೋ ಅಮೆರಿಕದ ಪೂರ್ವ ಕರಾವಳೀಲಿ ರಕೂನ್ ಹಾಗೆ. 1970ರ ದಶಕದಲ್ಲಿ ಬೇಟೆಯವ್ರು ದಕ್ಷಿಣದಿಂದ ರಕೂನ್ ಹಿಡಿದು ವರ್ಜೀನಿಯಾ ಕಡೆ ತಂದು ಬಿಟ್ರು, ರೋಗಾನೂ ಜೊತೇಲೇ ಬಂದು ಉತ್ತರಕ್ಕೆ ಹಬ್ಬಿತು. ಹಗಲು ಕಾಣಿಸಿತು ಅಂದ್ರೆ ಹುಚ್ಚು ಹಿಡಿದಿದೆ ಅಂತಲ್ಲ, ಮರಿ ಇರೋ ತಾಯಿ ಹಗಲೂ ಊಟಕ್ಕೆ ಅಲೆಯುತ್ತೆ. ತೂರಾಡ್ತಿದ್ರೆ, ಮನುಷ್ಯರನ್ನ ಕಂಡ್ರೂ ಹೆದರ್ದೇ ಹತ್ರ ಬಂದ್ರೆ ಮಾತ್ರ ಟೌನ್‌ನ ಅನಿಮಲ್ ಕಂಟ್ರೋಲ್‌ಗೆ (ಇಂಥ ಪ್ರಾಣಿ ಹಿಡಿಯೋ ವಿಭಾಗ) ಫೋನ್ ಮಾಡಿ. ಕಚ್ಚಿದ್ರೆ, ಪರಚಿದ್ರೆ 15 ನಿಮಿಷ ಸೋಪು ನೀರಲ್ಲಿ ತೊಳೆದು ಸೀದಾ ಆಸ್ಪತ್ರೆ, ಚಿಕ್ಕ ಗಾಯ ಅಂತ ಸುಮ್ನಿರೋ ಹಾಗಿಲ್ಲ. ಮನೇಲಿ ನಾಯಿ ಇದ್ರೆ ಅದ್ರ ಲಸಿಕೆ ತಪ್ಪಿಸ್ಬೇಡಿ. ರಕೂನ್ ಮೂತ್ರದಿಂದ ನಮ್ಮ ಇಲಿ ಜ್ವರಾನೂ ಬರಬಹುದು, ಮಳೆ ನೀರು ನಿಂತ ಕಡೆ ಬರಿಗಾಲಲ್ಲಿ ಓಡಾಡೋದು ಬೇಡ.

ಅನ್ನ ಇಡೋದು ಇವತ್ತಿಗೇ ನಿಲ್ಲಬೇಕು, ಇಲ್ಲಾಂದ್ರೆ ಎಷ್ಟು ತೊಳೆದ್ರೂ ನಾಳೆ ಮತ್ತೆ ಅಲ್ಲೇ ಬರುತ್ತೆ. ಅತ್ತೆಗೆ ಬೇಜಾರಾಗುತ್ತೆ, ಮೊಮ್ಮಗನ ವಿಷಯ ಅಂದ್ರೆ ಒಪ್ತಾರೆ. ಸೌದೆ ರಾಶಿ, ಮರದ ಬುಡದಲ್ಲೂ ಕಕ್ಕ ಇದ್ಯಾ ಅಂತ ಒಂದ್ಸಲ ನೋಡಿ, ಮಗ ಆಡೋ ಮರಳಿನ ತೊಟ್ಟಿ ಇದ್ರೆ ರಾತ್ರಿ ಮುಚ್ಚಿಡಿ.