ಶೆಡ್ಡಿನ ಹಿಂದಿನ ರಾಶಿಯಿಂದ ಶುರುಮಾಡಿ

ನಮಸ್ಕಾರ.

ಪುಣೆಯ ಭೋಸರಿಯಿಂದ ನೀವು ಕಳಿಸಿದ ‘ಸಂಜೀವಿನಿ ರಬ್ಬರು’ ಲೇಖನವನ್ನು, ಅಂದರೆ ಕತ್ತರಿಸಿದರೂ ತಾನೇ ಕೂಡಿಕೊಳ್ಳುವ ಪಾಲಿಯುರೆಥೇನ್ ಎಂಬ ರಬ್ಬರಿನಂಥ ಪ್ಲಾಸ್ಟಿಕ್ಕಿನ ಕಥೆಯನ್ನು, ಎರಡು ಸಲ ಓದಿದೆ. ಮೊದಲ ಸಲ ದಾದರ್‌ನಿಂದ ಮನೆಗೆ ಹೋಗುವ ಲೋಕಲ್ಲಿನಲ್ಲಿ. ಸುಳ್ಳು ಯಾಕೆ ಹೇಳಲಿ, ಮೂರನೇ ಪುಟಕ್ಕೆ ತೂಕಡಿಕೆ ಬಂತು. ಮರುದಿನ ಆಫೀಸಿನಲ್ಲಿ ಪೂರ್ತಿ ಓದಿದೆ. ಈಗಿರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ಆದರೆ ಏಳನೇ ಪುಟದಲ್ಲಿ ನಾಲ್ಕು ಸಾಲು ಇವೆಯಲ್ಲ, ಅವುಗಳಿಗಾಗಿ ಈ ಪತ್ರ.

ನಿಮ್ಮ ಕಾರ್ಖಾನೆಯಲ್ಲಿ ಪಾಲಿಯುರೆಥೇನ್ ಚಕ್ರಗಳನ್ನು ಅಚ್ಚಿಗೆ ಸುರಿಯುತ್ತೀರಿ. ಒಂದು ಗುಳ್ಳೆ ಬಂದರೂ ಮಾಲು ರಿಜೆಕ್ಟ್. ಪ್ಲಾಸ್ಟಿಕ್ ಬಕೆಟ್ಟಿನಂತೆ ಕರಗಿಸಿ ಮತ್ತೆ ಸುರಿಯೋಣ ಅಂದರೆ ಅದು ಕರಗುವುದಿಲ್ಲ, ಸುಡುತ್ತದೆ. ಹಾಗಾಗಿ ಶೆಡ್ಡಿನ ಹಿಂದೆ ಕೆಟ್ಟ ಚಕ್ರಗಳ ರಾಶಿ ಬೆಳೆಯುತ್ತಲೇ ಇದೆ. ಇಷ್ಟನ್ನು ಬರೆದು, ‘ಇರಲಿ’ ಅಂತ ಮುಂದೆ ಹೋಗಿಬಿಟ್ಟಿದ್ದೀರಿ! ಲೇಖನ ಶುರುವಾಗಬೇಕಾದದ್ದೇ ಅಲ್ಲಿ. ಅದರ ಬದಲು ನೀವು 1937ರ ಜರ್ಮನಿಗೆ ಹೋಗಿ, ಪಾಲಿಯುರೆಥೇನ್ ಕಂಡುಹಿಡಿದ ಓಟೋ ಬಾಯರ್ ಕಥೆಗೆ ಎರಡು ಪುಟ ಕೊಟ್ಟಿದ್ದೀರಿ. ಒಂದು ಸಾಲು ಸಾಕು.

ಆ ಚಕ್ರ ಯಾಕೆ ಕರಗುವುದಿಲ್ಲ? ಅಣುಗಳ ಉದ್ದುದ್ದ ಸರಪಳಿಗಳು ಒಂದಕ್ಕೊಂದು ಶಾಶ್ವತವಾಗಿ ಗಂಟು ಬಿದ್ದಿವೆ. ನಿಮ್ಮ ಲೇಖನದ ‘ಗತಿಶೀಲ ಬಂಧ’ ಅಂದರೆ ಆ ಗಂಟುಗಳಲ್ಲಿ ಕೆಲವನ್ನು ಬಿಚ್ಚಿ ಕಟ್ಟುವಂಥವಾಗಿ ಮಾಡುವುದು. ನೀವು ‘ಎಲ್ಲಾ ಬಂಧಗಳೂ ಒಡೆದು ಕೂಡುತ್ತವೆ’ ಎಂದು ಬರೆದಿದ್ದೀರಿ. ತಪ್ಪು. ಸರಪಳಿ ಬಹುಪಾಲು ಇದ್ದಲ್ಲೇ ಇರುತ್ತದೆ. ಬೇಕೆಂದೇ ಸೇರಿಸಿದ ಕೊಂಡಿಗಳು ಮಾತ್ರ ಕೈ ಬದಲಿಸುತ್ತವೆ. ‘ಕ್ಷಣಾರ್ಧದಲ್ಲಿ ಗಾಯ ಮಾಯ’ ಎನ್ನುವುದನ್ನೂ ಹೊಡೆದುಹಾಕಿ. ಕತ್ತರಿಸಿದ ಎರಡು ಮುಖಗಳು ಅಂಟಿಕೊಂಡಿರಬೇಕು, ಹೊತ್ತು ಬೇಕು, ಎಷ್ಟೋ ಸಲ ಬಿಸಿಯೂ ಬೇಕು. ಇಂಥ ಕೊಂಡಿ ಕಟ್ಟುವ ಫ್ಯೂರಾನ್–ಮಾಲೆಇಮೈಡ್ ಎಂಬ ರಾಸಾಯನಿಕಗಳ ಜೋಡಿಯನ್ನೇ ನೋಡಿ. 60 ಡಿಗ್ರಿ ಆಸುಪಾಸಿನಲ್ಲಿ ಚೆನ್ನಾಗಿ ಕೂಡುತ್ತದೆ, 110–120 ದಾಟಿದರೆ ಬಿಡುತ್ತದೆ. ಗಂಧಕ–ಗಂಧಕದ ಕೊಂಡಿಗಳಲ್ಲಿ ಕೆಲವು ಮಾತ್ರ ನಮ್ಮ ಕೋಣೆಯ ಬಿಸಿಗೇ ಜೊತೆ ಬದಲಿಸುತ್ತವೆ. ಅಂದಹಾಗೆ, 2011ರಲ್ಲಿ ಫ್ರಾನ್ಸಿನ ಲುಡ್ವಿಕ್ ಲೈಬ್ಲರ್ ತಂಡ, ಬಿಸಿಯಾದಾಗ ಕೊಂಡಿ ಬದಲಿಸಿ ಹರಿಯುವ ವಸ್ತುವನ್ನು ವಿಟ್ರಿಮರ್ ಎಂದು ಹೆಸರಿಟ್ಟು ತೋರಿಸಿದ್ದು ಎಪಾಕ್ಸಿ ಎಂಬ ಗಟ್ಟಿ ರಾಳದಲ್ಲಿ, ಪಾಲಿಯುರೆಥೇನಿನಲ್ಲಿ ಅಲ್ಲ. ತಿದ್ದಿಕೊಳ್ಳಿ.

ಈಗ ನನ್ನ ದೊಡ್ಡ ತಕರಾರು. ಹೊಗಳಿಕೆ ಜಾಸ್ತಿಯಾಯಿತು, ಈ ಗುಣಕ್ಕೆ ಪ್ರತಿಯಾಗಿ ಏನು ಕಳೆದುಕೊಳ್ಳಬೇಕು ಅಂತ ನೀವು ಹೇಳಲೇ ಇಲ್ಲ. ಕೊಂಡಿ ಸುಲಭವಾಗಿ ಬಿಟ್ಟು ಹಿಡಿಯುತ್ತದೆ ಅಂದರೆ ಗಾಯ ಬೇಗ ಮಾಯುತ್ತದೆ, ನಿಜ. ಆದರೆ ಭಾರ ಹೊತ್ತಾಗಲೂ ಅದು ಮೆಲ್ಲಗೆ ಜಾರುತ್ತದೆ ಅಲ್ವಾ? ಅಂಥ ಚಕ್ರ ಹಾಕಿದ ಟ್ರಾಲಿಯನ್ನು ಲೋಡ್ ಸಮೇತ ರಾತ್ರಿಯಿಡೀ ನಿಲ್ಲಿಸಿದರೆ ಬೆಳಿಗ್ಗೆ ಒಂದು ಬದಿ ಚಪ್ಪಟೆಯಾಗಿರಬಹುದು. ಇದನ್ನು ನಿಮಗಿಂತ ಚೆನ್ನಾಗಿ ಯಾರು ಬರೆಯಬಲ್ಲರು? ಪಾಲಿಯುರೆಥೇನಿನ ಬಲ ಇರುವುದು ಅದರ ಸರಪಳಿಯ ಗಟ್ಟಿ ತುಣುಕು, ಮೆದು ತುಣುಕುಗಳ ಜೋಡಣೆಯಲ್ಲಿ. ಗಟ್ಟಿ ತುಣುಕುಗಳು ಹೈಡ್ರೋಜನ್ ಬಂಧದಿಂದ ಗುಂಪುಕಟ್ಟಿ ನಿಂತರೆ ಹರಿಯುವುದಿಲ್ಲ, ಮೆದು ತುಣುಕುಗಳು ಹಿಗ್ಗಿ ವಾಪಸ್ಸು ಬರುತ್ತವೆ. ಬಿಚ್ಚುವ ಕೊಂಡಿಯನ್ನು ಇದರಲ್ಲಿ ಎಲ್ಲಿ, ಎಷ್ಟು ಇಡಬೇಕು ಅನ್ನುವುದರಲ್ಲೇ ಸಂಶೋಧಕರ ತಲೆನೋವೆಲ್ಲ ಇದೆ. ನಿಮ್ಮಲ್ಲಿ ಅದಕ್ಕೆ ಸಿಕ್ಕಿದ್ದು ಅರ್ಧ ವಾಕ್ಯ. ಕನಿಷ್ಠ ಒಂದು ಪುಟ ಕೊಡಿ.

ಭಾಷೆಯ ಬಗ್ಗೆ ಎರಡೇ ಮಾತು. ‘ಗತಿಶೀಲ ರಾಸಾಯನಿಕ ಬಂಧ’ ಹದಿನಾಲ್ಕು ಕಡೆ ಬಂದಿದೆ, ಎಣಿಸಿದೆ. ಒಮ್ಮೆ ಹೇಳಿ, ಆಮೇಲೆ ‘ಬಿಟ್ಟು ಹಿಡಿಯುವ ಕೊಂಡಿ’ ಅನ್ನಿ. ಸಂಜೀವಿನಿಯನ್ನು ಬೆಟ್ಟಕ್ಕೇ ಬಿಟ್ಟುಬಿಡಿ. ಇಲ್ಲಿ ಸತ್ತವರು ಯಾರೂ ಇಲ್ಲ.

ಹೋಲಿಕೆ ಬೇಕೇ ಬೇಕು ಅಂದರೆ ಸಂಜೆಯ ವಿರಾರ್ ಲೋಕಲ್ ಇದೆ. ಮೇಲಿನ ಹಿಡಿಕೆ ಬಿಟ್ಟು ಪಕ್ಕದ್ದು ಹಿಡಿಯುತ್ತ ಜನ ಒಳಗೆ ಸರಿಯುತ್ತಾರೆ. ಯಾರೂ ಬೀಳುವುದಿಲ್ಲ, ಆದರೆ ಹತ್ತಿದಲ್ಲೇ ಯಾರೂ ಇರುವುದಿಲ್ಲ. ಪುಣೆಯವರಿಗೆ ಇದು ಅರ್ಥವಾಗದಿದ್ದರೆ ನಿಮ್ಮದೇ ಒಂದು ಹುಡುಕಿ.

ಸಾವಿರ ಪದದೊಳಗೆ ತಿದ್ದಿ, ಚೌತಿಗೆ ಮುಂಚೆ ಕಳಿಸಿ. ಮುಂಬಯಿಗೆ ಬರುವುದಾದರೆ ಆ ರಾಶಿಯಿಂದ ಒಂದು ಕೆಟ್ಟ ಚಕ್ರ ತನ್ನಿ. ಮಳೆಗಾಲದ ಗಾಳಿಗೆ ನಮ್ಮ ಆಫೀಸಿನ ಬಾಗಿಲು ದಿನವಿಡೀ ಬಡಿದುಕೊಳ್ಳುತ್ತಿದೆ.

ಇಂತಿ,
ಸಂಪಾದಕ