ಮಡ್ಡಿ ಬೋಳ ಇಲ್ರಿ ಅಕ್ಕಾರ, ವಾಕ್ ನಿಮ್ಮೂರಾಗಿಂದಾನ ಶುರು ಮಾಡ್ರಿ

ಇಂಡಿ ತಾಲೂಕಿನ ಹಳ್ಳಿ ಸಾಲಿ ಟೀಚರ್ ಒಬ್ರು ಬರದಾರ: "ಮಕ್ಕಳಿಗೆ ನಮ್ಮ ಕಡೆ ಗಿಡ, ಪ್ರಾಣಿ, ಪಕ್ಷಿ ತೋರಿಸೂ ವಾಕ್ ಮಾಡಬೇಕಂತ ಆಸೆ, ಆದ್ರ ಇಲ್ಲಿ ಕಾಡೇ ಇಲ್ಲ, ಬರೇ ಬೋಳ ಮಡ್ಡಿ. ಬಸ್ ಮಾಡ್ಕೊಂಡು ಖಾನಾಪುರ ಕಡೆ ಹೋಗೂದೇನ್ರಿ? ಊರ ಗಾಯರಾಣದಾಗ, ಅಂದ್ರ ದನ ಮೇಯೂ ಜಾಗಾದಾಗ, ಸಸಿ ಹಚ್ಚೂ ಕಾರ್ಯಾಗಾರನೂ ಇಟ್ಕೊಂಡೀವಿ, ಯಾವ ಗಿಡ ಹಚ್ಚೂಣು?"

ಅಕ್ಕಾರ, ನಮಸ್ಕಾರ. ಖಾನಾಪುರ ಕಡೆ ಭೀಮಗಡದ ಕಾಡು ನೋಡ್ಲಿಕ್ಕೆ ಹೋಗ್ರಿ, ಬ್ಯಾಡ ಅನ್ನಂಗಿಲ್ಲ, ಆದ್ರ ಅದು ಟೂರ್ ಆಗ್ತದ, ನಿಮ್ಮೂರಿನ ವಾಕ್ ಆಗೂದಿಲ್ಲ. ಮತ್ತ ಆ ಮಡ್ಡಿ ಬೋಳ ಇಲ್ರಿ. ಹುಲ್ಲು, ಬಾರಿ ಕಂಟಿ, ತಂಗಡಿ, ಅಲ್ಲೊಂದು ಇಲ್ಲೊಂದು ಬನ್ನಿ ಗಿಡ, ತೋಳ ನರಿ ಚಿಗರಿಗೆ ಬೇಕಾಗಿದ್ದು ಇಂಥ ಜಾಗಾನ. ಪಕ್ಕದ ಬಾಗಲಕೋಟೆ ಜಿಲ್ಲೆ ಯಡಹಳ್ಳಿಯಾಗ ಇಂಥದ್ದೇ ಕುರುಚಲು ಗುಡ್ಡಾನ 2016ರಾಗ ಚಿಂಕಾರ ವನ್ಯಜೀವಿಧಾಮ ಮಾಡ್ಯಾರ, 96 ಚದರ ಕಿಲೋಮೀಟರ್. ಚಿಂಕಾರ ಅಂದ್ರ ಚಿಗರಿಯಂಥ ಸಣ್ಣ ಪ್ರಾಣಿ, ಎಷ್ಟೋ ದಿನ ನೀರು ಕುಡೀದನ ಎಲಿ ತೊಪ್ಪಲದಾಗಿನ ಹಸಿ ಮ್ಯಾಲೇ ಬದುಕ್ತದ. ಚಳಿಗಾಲಕ್ಕ ಸೆಳೆವ ಹಕ್ಕಿ, ಅಂದ್ರ ಹ್ಯಾರಿಯರ್ ಅನ್ನೂ ಬೇಟಿ ಹಕ್ಕಿ, ಮಧ್ಯ ಏಷ್ಯಾ ಕಡಿಂದ ಹಾರಿ ಬಂದು ಹುಲ್ಲಿನ ಮ್ಯಾಲೆ, ಕಡ್ಲಿ ಹೊಲದ ಮ್ಯಾಲೆ ತೀರಾ ಕೆಳಗ ತೇಲ್ಕೋತ ಮಿಡತಿ ಹಿಡೀತಾವ, ರಾತ್ರಿ ಅದೇ ಹುಲ್ಲಿನಾಗ ನೆಲಕ್ಕೇ ಮಲಗ್ತಾವ.

ಅದಕ್ಕ ಕೇಳ್ಕೋತೀನಿ, ಗಾಯರಾಣದಾಗ ಹುಲ್ಲು ಕಿತ್ತಿ ಸಾಲಾಗಿ ಸಸಿ ಹಚ್ಚಬ್ಯಾಡ್ರಿ. ಇಂಥ ಜಾಗಕ್ಕ ಪಾಳು ಭೂಮಿ ಅಂತ ಕಾಗದದಾಗ ಬರದು ಬರದು ನಮ್ಮ ಕಣ್ಣಿಗೂ ಹಂಗs ಕಾಣ್ಲಿಕ್ಕತ್ತದ, ಇದು ನನಗ ಬಾಳ ಸಂಕಟ. ಅಲ್ಲಿ ಕಾರ್ಯಾಗಾರ ಬೇಕೇ ಬೇಕಂದ್ರ ಬಳ್ಳಾರಿ ಜಾಲಿ ಸಸಿ ಕೀಳಸ್ರಿ, ಅಮೆರಿಕಾ ಖಂಡದಿಂದ ಬಂದ ಗಿಡ ಅದು, ಕಡದ್ರ ಮತ್ತ ಚಿಗೀತದ, ಸಣ್ಣದಿದ್ದಾಗ ಬೇರು ಸಮೇತ ಬರಬೇಕು. ಹಚ್ಚೂದಾದ್ರ ಸಾಲಿ ಕಂಪೌಂಡು, ರಸ್ತಿ ಬಾಜು, ಹಳ್ಳದ ದಂಡಿ ನೋಡ್ರಿ, ಬೇವು, ಬನ್ನಿ, ಅತ್ತಿ, ಕರಿಜಾಲಿ. ಬೇವಿನ ಬೀಜ ಮಿರಗದ ಮಳಿ ಹೊತ್ತಿಗೆ ಉದುರ್ತಾವ, ಇಟ್ಟಷ್ಟೂ ಸತ್ವ ಹೋಗ್ತದ, ಆರಿಸಿದ ವಾರದಾಗ ಊರ್ರಿ. ಜಾಲಿ ಬೀಜ ಗಟ್ಟಿ, ಆಡು ಕುರಿ ತಿಂದು ಹಿಕ್ಕಿಯಾಗ ಬಿದ್ದದ್ದು ಲಗೂ ಮೊಳೀತದ.

ಮೊದಲನೇ ವಾಕ್ ಲಿಂಬಿ ತ್ವಾಟದಾಗ ಇಡ್ರಿ, ಇಂಡಿ ತಾಲೂಕಿನಾಗ ಅದಕ್ಕೇನ್ ಬರ! ಎಲಿ ಮ್ಯಾಲೆ ಹಕ್ಕಿ ಹಿಕ್ಕಿಯಂಗ ಕಪ್ಪು ಬಿಳಿ ಏನರ ಅಂಟಿದ್ರ ಮುಟ್ಟದನ ನೋಡ್ರಿ, ಅದು ಲಿಂಬಿ ಪಾತರಗಿತ್ತಿ ಮರಿಹುಳ, ದೊಡ್ಡದಾದ ಮ್ಯಾಲೆ ಹಸರ ಆಗ್ತದ, ಕೆಣಕಿದ್ರ ತಲಿ ಹಿಂದಿಂದ ನಾತ ಹೊಡಿಯೂ ಕೋಡು ತಗೀತದ. ಆಮ್ಯಾಲೆ ಬದುವಿನ ಎಕ್ಕಿ ಗಿಡ: ಪ್ಲೇನ್ ಟೈಗರ್ ಅನ್ನೂ ಕೇಸರಿ ಪಾತರಗಿತ್ತಿ ಅದರ ಎಲಿ ಮ್ಯಾಲೆ ತತ್ತಿ ಇಡ್ತದ, ಮರಿ ಆ ವಿಷದ ಹಾಲು ತಿಂದs ಬೆಳೀತದ, ಅದಕ್ಕ ಹಕ್ಕಿ ಅದನ್ನ ತಿನ್ನಾಕ ಹಿಂಜರೀತಾವ. ಎರಡು ತಾಸಿನಾಗ ಇವೆರಡೇ ನೋಡಿದ್ರೂ ಸಾಕು.

ಮಡ್ಡಿಗೆ ಹೋಗೂ ದಿನ ಕುರಿ ಕಾಯೂ ಅಜ್ಜ ಒಬ್ರನ್ನ ಕರೀರಿ, ಯಾವ ಹುಲ್ಲು ಯಾವಾಗ ಬರ್ತದ, ಬುರ್ಲಿ ಹಕ್ಕಿ ಎಲ್ಲಿ ತತ್ತಿ ಇಡ್ತದ ಅವರಿಗೇ ಗೊತ್ತು. ಅವರ ದಿನದ ಕೆಲಸ ಕೆಡ್ತದ, ಗೌರವಧನ ಕೊಡ್ರಿ. ಮಕ್ಕಳ ಕಾಲಾಗ ಬೂಟ್ ಇರ್ಲಿ. ತೋಳದ ಗವಿ ಎಲ್ಲದ ಅಂತ ಅಜ್ಜ ಹೇಳಿದ್ರೂ ಅಲ್ಲಿಗೆ ಹೋಗಬ್ಯಾಡ್ರಿ, ಜಾಗಾದ ಫೋಟೋ ವಾಟ್ಸಾಪಿಗೂ ಹಾಕಬ್ಯಾಡ್ರಿ, ಮಂದಿ ಸುಳಿದಾಡಿದ್ರ ತಾಯಿ ಮರಿಗಳನ್ನ ಎತ್ಕೊಂಡು ಬ್ಯಾರೆ ಕಡೆ ಹೋಗಬೇಕಾಗ್ತದ.